ಮನೆಯ ಹುದುಗು, ಅರಸನ ಮುದ್ರೆ

೧

ಮದ್ಯದ ಚರಿತ್ರೆಯೆಂದರೆ ಅರಸರ ಪಾನಗೋಷ್ಠಿಗಳ ಕಥೆ, ಗುತ್ತಿಗೆದಾರರ ಲೆಕ್ಕ, ಪಾನನಿರೋಧದ ಚಳವಳಿ, ಇವಿಷ್ಟೇ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಮದ್ಯವು ಮೊದಲು ಹುಟ್ಟಿದ್ದು ಅರಮನೆಯಲ್ಲಿಯೂ ಅಲ್ಲ, ಅಂಗಡಿಯಲ್ಲಿಯೂ ಅಲ್ಲ, ಗೃಹಸ್ಥರ ಅಡಿಗೆಮನೆಯಲ್ಲಿ. ರೊಟ್ಟಿ, ಮೊಸರು, ಉಪ್ಪಿನಕಾಯಿಗಳಂತೆ ಅದೂ ಒಂದು ಕಾಲಕ್ಕೆ ಮನೆಯ ಕೆಲಸವಾಗಿತ್ತು. ಆ ಕೆಲಸವು ಮನೆಯಿಂದ ಹೊರಕ್ಕೆ ಹೋದ ಬಗೆಯನ್ನೂ, ಕೆಲವು ದೇಶಗಳಲ್ಲಿ ಅದು ಮತ್ತೆ ಮನೆಗೆ ಮರಳಿ ಬಂದ ಬಗೆಯನ್ನೂ ವಿಚಾರಮಾಡಿದರೆ, ರಾಜ್ಯಕ್ಕೂ ಮನೆಗೂ ಇರುವ ಸಂಬಂಧದ ಒಂದು ಮುಖವು ನಮಗೆ ಸ್ಪಷ್ಟವಾಗುತ್ತದೆ.

ಈ ವಿಚಾರಕ್ಕೆ ಈಚಿನ ವರ್ಷಗಳಲ್ಲಿ ಒಂದು ಹೊಸ ನಿಮಿತ್ತವು ಒದಗಿದೆ. ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಬಿಯರನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರಿಗಾಗಿ ಬೇಕಾದ ಸಾಮಗ್ರಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಇದಕ್ಕೆ 'ಕಿಟ್' ಎಂದು ಹೆಸರು. ದಕ್ಷಿಣ ಕೊಡಗಿನ ಬಾಳೆಲೆಯ ಒಂದು ಮನೆತನದಲ್ಲಿ ಅಣ್ಣನು ಲಂಡನ್ನಿನಲ್ಲಿಯೂ ತಮ್ಮನು ಊರಿನ ಕಾಫಿಯ ತೋಟದಲ್ಲಿಯೂ ಇರುವರೆಂದು ಭಾವಿಸೋಣ. ಅಣ್ಣನು ತನ್ನ ಮನೆಯಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿ ತನ್ನ ಮನೆಯವರಿಗೆಂದು ಬಿಯರನ್ನು ಹುದುಗಿಸಿದರೆ ಯಾವ ಅಧಿಕಾರಿಯೂ ಕೇಳುವುದಿಲ್ಲ. ಅದೇ ಪೆಟ್ಟಿಗೆಯನ್ನು ತಮ್ಮನು ಲಕ್ಷ್ಮಣತೀರ್ಥದ ದಡದ ತನ್ನ ಮನೆಯಲ್ಲಿ ಬಿಚ್ಚಿ ಅದರಂತೆಯೇ ಮಾಡಿದರೆ ಅದು ದಂಡನೀಯವಾದ ಅಪರಾಧವಾಗುತ್ತದೆ. ವಸ್ತುವು ಒಂದೇ, ಮನೆತನವು ಒಂದೇ. ಒಂದು ಕಡೆ ವಿನೋದ, ಮತ್ತೊಂದು ಕಡೆ ಅಪರಾಧ. ಈ ಭೇದವು ಹೇಗೆ ಉಂಟಾಯಿತೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

೨

ಮೊದಲು ಆ ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂಬುದನ್ನು ನೋಡೋಣ. ಮುಖ್ಯವಾದುದು ಸುಮಾರು ೧.೭ ಕಿಲೋಗ್ರಾಮ್ ತೂಕದ ಒಂದು ಡಬ್ಬಿ. ಅದರೊಳಗೆ ಜೋನಿಬೆಲ್ಲದಂತೆ ಮಂದವಾಗಿಯೂ ಕಂದುಬಣ್ಣವಾಗಿಯೂ ಇರುವ ಪಾಕವುಂಟು. ಬಾರ್ಲಿಯನ್ನು, ಎಂದರೆ ನಮ್ಮ ಹಿರಿಯರು ಜವೆಗೋದಿ ಎಂದು ಕರೆಯುತ್ತಿದ್ದ ಧಾನ್ಯವನ್ನು, ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿ, ಆ ನೀರನ್ನು ಬತ್ತಿಸಿದರೆ ಈ ಪಾಕವಾಗುತ್ತದೆ. ಕಹಿಗಾಗಿ 'ಹಾಪ್' ಎಂಬ ಬಳ್ಳಿಯ ಹೂವಿನ ಸಾರವನ್ನೂ ಅದರಲ್ಲಿ ಸೇರಿಸಿರುತ್ತಾರೆ. ಡಬ್ಬಿಯ ಜೊತೆಗೆ ಒಂದು ಚಿಕ್ಕ ಪೊಟ್ಟಣದಲ್ಲಿ ಒಣಗಿದ ಯೀಸ್ಟ್, ಮುಚ್ಚಳವುಳ್ಳ ಒಂದು ದೊಡ್ಡ ಪಾತ್ರೆ, ಒಳಗಿನ ವಾಯುವು ಹೊರಕ್ಕೆ ಹೋಗುವಂತೆಯೂ ಹೊರಗಿನ ಗಾಳಿಯು ಒಳಕ್ಕೆ ಬಾರದಂತೆಯೂ ನೀರು ತುಂಬಿದ ಒಂದು ಕೊಳವೆ, ರಸದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್, ಇಷ್ಟು ಇರುತ್ತವೆ.

ಹೊಸಬನು ಮಾಡತಕ್ಕ ಕೆಲಸವೂ ಬಹಳವಿಲ್ಲ. ಪಾತ್ರೆಯನ್ನೂ ಸೌಟನ್ನೂ ಕ್ರಿಮಿಗಳಿಲ್ಲದಂತೆ ಶುದ್ಧಿಮಾಡಿಕೊಳ್ಳಬೇಕು. ಪಾಕವನ್ನೂ ಸುಮಾರು ಒಂದು ಕಿಲೋಗ್ರಾಮ್ ಸಕ್ಕರೆಯನ್ನೂ ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಬೆರಸಿ ೨೩ ಲೀಟರಿನಷ್ಟು ಮಾಡಬೇಕು. ರಸವು ಉಗುರುಬೆಚ್ಚಗಿನ ಮಟ್ಟಕ್ಕಿಂತಲೂ ಕೆಳಗಿಳಿದಮೇಲೆ ಯೀಸ್ಟನ್ನು ಉದುರಿಸಿ ಮುಚ್ಚಬೇಕು. ಒಂದು ದಿನದೊಳಗಾಗಿ ಕೊಳವೆಯಲ್ಲಿ ಗುಳ್ಳೆಗಳು ಏಳತೊಡಗುತ್ತವೆ. ಹದವಾದ ಉಷ್ಣವು ೧೮ರಿಂದ ೨೪ ಡಿಗ್ರಿ ಸೆಂಟಿಗ್ರೇಡ್; ಕೊಡಗಿನ ಮಳೆಗಾಲದ ಮನೆಯಲ್ಲಿ ಇದು ತಾನಾಗಿಯೇ ಒದಗುವ ಶೈತ್ಯ. ಮೊದಲು ನೀರಿಗಿಂತಲೂ ಭಾರವಾಗಿದ್ದ ರಸದ ಸಾಂದ್ರತೆಯು, ಸಕ್ಕರೆಯು ಮದ್ಯಸಾರವಾಗಿ ಮಾರ್ಪಡುತ್ತಿದ್ದಂತೆ ಇಳಿಯುತ್ತ ಹೋಗುತ್ತದೆ. ೧.೦೪೦ರಲ್ಲಿ ಪ್ರಾರಂಭವಾದುದು ೧.೦೧೦ಕ್ಕೆ ಇಳಿದು ಅಲ್ಲಿಯೇ ನಿಂತರೆ, ಅದರಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ಮದ್ಯಸಾರವಿದೆಯೆಂದು ತಿಳಿಯತಕ್ಕದ್ದು. ಬಳಿಕ ಒಂದೊಂದು ಸೀಸೆಗೂ ಚಿಟಿಕೆಯಷ್ಟು ಸಕ್ಕರೆ ಹಾಕಿ ತುಂಬಿ, ಬಿಗಿಯಾಗಿ ಮುಚ್ಚಿ, ಎರಡು ವಾರ ಕಾದರೆ ನೊರೆಯೇಳುವ ಬಿಯರು ಸಿದ್ಧವಾಗುತ್ತದೆ. ಹುದುಗು ನಿಲ್ಲುವ ಮೊದಲೇ ಅವಸರಪಟ್ಟು ಸೀಸೆಗೆ ತುಂಬಿದರೆ ಒಳಗಿನ ವಾಯುವಿನ ಒತ್ತಡದಿಂದ ಸೀಸೆಯು ಸಿಡಿಯುವುದುಂಟು. ಮೊದಲ ಸಲ ಮಾಡುವವನು ಕಲಿಯಬೇಕಾದುದು ಮುಖ್ಯವಾಗಿ ಎರಡೇ: ಶುಚಿ ಮತ್ತು ತಾಳ್ಮೆ.

ಇಲ್ಲಿ ವಾಚಕರು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹುದುಗಿಸುವುದು ಬೇರೆ, ಭಟ್ಟಿಯಿಳಿಸುವುದು ಬೇರೆ. ಕಳ್ಳು, ಬಿಯರು, ದ್ರಾಕ್ಷಾರಸದ ಮದ್ಯ ಇವು ಹುದುಗಿನಿಂದ ಆಗತಕ್ಕವು. ಸಾರಾಯಿಯಾದರೋ ಹುದುಗಿದ ರಸವನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ ಪಡೆದ ಉಗ್ರವಾದ ದ್ರವ. ಮನೆಯ ಚರಿತ್ರೆಗೆ ಸೇರಿದುದು ಮುಖ್ಯವಾಗಿ ಹುದುಗು. ಗುತ್ತಿಗೆಯ ಚರಿತ್ರೆಗೆ ಸೇರಿದುದು ಮುಖ್ಯವಾಗಿ ಭಟ್ಟಿ.

೩

ಈ ಡಬ್ಬಿಯ ಹಿಂದೆ ನಾಲ್ಕು ಸಾವಿರ ವರ್ಷಗಳ ಗೃಹಕೃತ್ಯವಿದೆ. ಯೂಫ್ರೆಟೀಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಸುಮೇರಿಯದ ಜನರು ಬಿಯರಿಗೆ ನಿನ್ಕಾಸಿ ಎಂಬ ದೇವತೆಯನ್ನು ಕಲ್ಪಿಸಿದ್ದರು. ಕ್ರಿಸ್ತಪೂರ್ವ ೧೮೦೦ರ ಸುಮಾರಿನ ಮಣ್ಣಿನ ಫಲಕಗಳಲ್ಲಿ ದೊರೆತ ಆ ದೇವಿಯ ಸ್ತುತಿಯು ಬಿಯರನ್ನು ಮಾಡುವ ಕ್ರಮವನ್ನೂ ತಿಳಿಸುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಕೆಲಸವು ಹೆಚ್ಚಾಗಿ ಹೆಂಗಸರದು. ಅಂಥವಳನ್ನು ಕರೆಯಲು ಆ ಭಾಷೆಯಲ್ಲಿ ಪ್ರತ್ಯೇಕವಾದ ಸ್ತ್ರೀವಾಚಕ ಪದವೇ ಇತ್ತು. ಮನೆಗೆ ಬೇಕಾದಷ್ಟನ್ನು ಮಾಡಿ, ಮಿಕ್ಕುದನ್ನು ನೆರೆಯವರಿಗೆ ಮಾರುತ್ತಿದ್ದಳು. ಹಾಪ್ ಹೂವಿನ ಬಳಕೆಯು ೧೫ನೆಯ ಶತಮಾನದಲ್ಲಿ ಅಲ್ಲಿಗೆ ಬಂದಮೇಲೆ ಪಾನೀಯವು ಕೆಡದೆ ಬಹುದಿನ ಉಳಿಯುವಂತಾಯಿತು. ಬಹುದಿನ ಉಳಿಯುವ ವಸ್ತುವನ್ನು ರಾಶಿಯಾಗಿ ಮಾಡಿ ದೂರಕ್ಕೆ ಸಾಗಿಸಬಹುದು. ಸಾಗಿಸಬಹುದಾದುದಕ್ಕೆ ಬಂಡವಾಳವು ಬೇಕು. ಹೀಗೆ ಕ್ರಮಕ್ರಮವಾಗಿ ಮನೆಯ ಹೆಂಗಸಿನ ಕೈಯಿಂದ ಕೆಲಸವು ಜಾರಿ, ದೊಡ್ಡ ವ್ಯಾಪಾರಿಗಳ ಕೈ ಸೇರಿತು.

ವ್ಯಾಪಾರದ ಜೊತೆಗೆ ಶಾಸನವೂ ಬಂದಿತು. ೧೫೧೬ರಲ್ಲಿ ಬವೇರಿಯದ ಪ್ರಭುವು ಬಿಯರಿಗೆ ಜವೆ, ಹಾಪ್, ನೀರು, ಈ ಮೂರನ್ನಲ್ಲದೆ ಬೇರೇನನ್ನೂ ಹಾಕಕೂಡದೆಂದು ವಿಧಿಸಿದನು. ಯೀಸ್ಟಿನ ಹೆಸರು ಆ ಶಾಸನದಲ್ಲಿಲ್ಲ; ಅದೊಂದು ಜೀವಿಯೆಂಬ ಅರಿವೇ ಆಗ ಯಾರಿಗೂ ಇರಲಿಲ್ಲ. ಆ ಅರಿವನ್ನು ಗಟ್ಟಿಗೊಳಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಪ್ರಷ್ಯದ ಯುದ್ಧದಲ್ಲಿ ಸೋತ ತನ್ನ ದೇಶದ ಬಿಯರು ಜರ್ಮನರ ಬಿಯರಿಗೆ ಕೀಳಾಗಬಾರದೆಂಬ ಅಭಿಮಾನದಿಂದ ಪ್ರಯೋಗಗಳನ್ನು ನಡೆಸಿ, ೧೮೭೬ರಲ್ಲಿ ಅವನು ಬಿಯರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹಾನ್ಸೆನ್ ಎಂಬ ವಿದ್ವಾಂಸನು ಯೀಸ್ಟಿನ ಒಂದೇ ಕಣದಿಂದ ಶುದ್ಧವಾದ ತಳಿಯನ್ನು ಬೆಳೆಯಿಸಿದನು. ಇಂದು ಪೆಟ್ಟಿಗೆಯಲ್ಲಿ ಬರುವ ಆ ಚಿಕ್ಕ ಪೊಟ್ಟಣದ ಮೂಲವು ಇದೇ.

ಇಂಗ್ಲೆಂಡಿನ ಸರಕಾರವು ೧೮೮೦ರಲ್ಲಿ ಮಾಲ್ಟಿನ ಮೇಲಣ ತೆರಿಗೆಯನ್ನು ತೆಗೆದು ಬಿಯರಿನ ಮೇಲೆಯೇ ಸುಂಕವನ್ನು ಹಾಕಿತು. ಅದರೊಡನೆ ಮನೆಯಲ್ಲಿ ಮಾಡುವವರೂ ಪರವಾನಗಿ ಪಡೆಯಬೇಕೆಂದು ಗೊತ್ತುಮಾಡಿತು. ಆ ನಿರ್ಬಂಧವು ತೊಲಗಿದ್ದು ೧೯೬೩ರಲ್ಲಿ. ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿರೋಧವಿದ್ದ ಕಾಲದಲ್ಲಿ ಮಾಲ್ಟಿನ ಪಾಕವನ್ನು ಅಡಿಗೆಯ ಸಾಮಾನೆಂಬ ನೆಪದಲ್ಲಿ ಮಾರುತ್ತಿದ್ದರು; ಕೊಂಡವರು ಅದನ್ನು ಏಕೆ ಕೊಳ್ಳುತ್ತಿದ್ದರೆಂಬುದು ಎಲ್ಲರಿಗೂ ತಿಳಿದಿತ್ತು. ಅಲ್ಲಿ ಮನೆಯ ಬಿಯರಿಗೆ ಕೇಂದ್ರ ಸರಕಾರದ ಅನುಮತಿ ದೊರೆತದ್ದು ೧೯೭೮ರಲ್ಲಿ ಅಧ್ಯಕ್ಷ ಕಾರ್ಟರನು ಸಹಿಮಾಡಿದ ಶಾಸನದಿಂದ. ಅದರ ಮಿತಿಯು ಗಮನಾರ್ಹವಾದುದು: ಒಬ್ಬನೇ ವಯಸ್ಕನಿರುವ ಮನೆಗೆ ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ ೨೦೦ ಗ್ಯಾಲನ್, ಮಾರಾಟವು ಕೂಡದು. ಎಂದರೆ ಶಾಸನವು ಮನೆಯನ್ನು ಮನೆಯೆಂದು ಗುರುತಿಸಿ, ಅದಕ್ಕೂ ಮಾರುಕಟ್ಟೆಗೂ ನಡುವೆ ಒಂದು ಗೆರೆಯನ್ನು ಎಳೆಯಿತು.

೪

ಇಂಥ ಗೆರೆಯನ್ನು ಎಳೆಯುವ ವಿವೇಕವು ಪಶ್ಚಿಮದವರದು ಮಾತ್ರವೆಂದು ಭಾವಿಸಲಾಗದು. ಅವರಿಗಿಂತ ಬಹಳ ಹಿಂದೆಯೇ ನಮ್ಮ ದೇಶದಲ್ಲಿ ಅದನ್ನು ಎಳೆದಿದ್ದರು. ಮತ್ತು ಅದರ ದಾಖಲೆಯು ಕನ್ನಡನಾಡಿನಲ್ಲಿಯೇ ಬೆಳಕಿಗೆ ಬಂದಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪುಸ್ತಕರೂಪವಾಗಿ ಪ್ರಕಟಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಮದ್ಯದ ತಯಾರಿಕೆಯೂ ಮಾರಾಟವೂ ರಾಜನ ಅಧೀನದಲ್ಲಿರತಕ್ಕದ್ದೆಂಬುದು ಅದರ ಮುಖ್ಯ ತತ್ತ್ವ.

ಆ ಅಧ್ಯಾಯದಲ್ಲಿ 'ಮೇದಕ'ವೆಂಬ ಪಾನೀಯದ ಪ್ರಮಾಣವಿದೆ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣವಾದ್ದರಿಂದ, ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ ಎಂದಂತಾಯಿತು. ಇದು ಅಕ್ಕಿಯ ಬಿಯರಲ್ಲದೆ ಬೇರೆಯಲ್ಲ. ಕಿಣ್ವವೆಂದರೇನೆಂಬುದನ್ನೂ ಗ್ರಂಥವೇ ಹೇಳುತ್ತದೆ. ಉದ್ದಿನ ಹಿಟ್ಟಿಗೆ ಅದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚಾಗಿ ಅಕ್ಕಿಯನ್ನು ಸೇರಿಸಿ, ಕೆಲವು ಬೇರುಗಳನ್ನು ಬೆರಸಿ ಮಾಡಿದ ಹುದುಗು ಅದು. ಉದ್ದು ಮತ್ತು ಅಕ್ಕಿ! ನಮ್ಮ ಗೃಹಿಣಿಯರು ರಾತ್ರಿ ರುಬ್ಬಿಟ್ಟು ಬೆಳಗ್ಗೆ ದೋಸೆಯೆರೆಯುವ ಹಿಟ್ಟಿನ ಧಾನ್ಯಗಳೂ ಅವೇ. ಮುಂದೆ ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವಂಥ ಸೂಕ್ಷ್ಮದ್ರವ್ಯಗಳಿಗೆ 'ಕಿಣ್ವ'ವೆಂಬ ಹಳೆಯ ಹೆಸರನ್ನೇ ಇಟ್ಟರು. ಇಂದು ಶಾಲೆಯ ಮಕ್ಕಳು ಕಂಠಪಾಠ ಮಾಡುವ ಈ ಮಾತು ಒಂದಾನೊಂದು ಕಾಲಕ್ಕೆ ಸುರೆಯ ಗಡಿಗೆಯದಾಗಿತ್ತು.

ಈ ಹೆಸರು ಎಷ್ಟು ಯುಕ್ತವಾದುದೆಂಬುದು ಹುದುಗಿನ ವಿಧಗಳನ್ನು ನೋಡಿದರೆ ತಿಳಿಯುತ್ತದೆ. ಮರದ ಕಳ್ಳಿನಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುತ್ತದೆ. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟು ಅದನ್ನು ಕೆಲವೇ ಗಳಿಗೆಗಳಲ್ಲಿ ಹುದುಗಿಸುತ್ತದೆ. ಜವೆಯಲ್ಲಿ ಇರುವುದು ಪಿಷ್ಟ. ಮೊಳಕೆ ಬರಿಸಿದರೆ ಧಾನ್ಯವು ತನ್ನೊಳಗಿನ ಕಿಣ್ವದಿಂದಲೇ ಅದನ್ನು ಸಕ್ಕರೆಯಾಗಿ ಮಾಡಿಕೊಳ್ಳುತ್ತದೆ. ಬೇಯಿಸಿದ ಅಕ್ಕಿಗೆ ಆ ಶಕ್ತಿಯಿಲ್ಲ; ಅದಕ್ಕೆ ಬೂಷ್ಟೂ ಯೀಸ್ಟೂ ಕೂಡಿದ ಹುದುಗನ್ನು ಹೊರಗಿನಿಂದ ಕೊಡಬೇಕು. ಯೂರೋಪು ಎರಡನೆಯ ಮಾರ್ಗವನ್ನೂ, ಅಕ್ಕಿಯನ್ನುಣ್ಣುವ ಪೂರ್ವದೇಶಗಳು ಮೂರನೆಯದನ್ನೂ ಹಿಡಿದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮದ್ಯವನ್ನೆಲ್ಲ ರಾಜಮುದ್ರೆಯ ಕೆಳಗೆ ತಂದ ಕೌಟಿಲ್ಯನೇ ಗೃಹಸ್ಥರಿಗೆ ಒಂದು ವಿನಾಯಿತಿಯನ್ನು ಕೊಟ್ಟಿರುವನು. ಕುಟುಂಬಿಗಳು ತಮ್ಮ ಮನೆಯ ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಕಾಲ ಸುರೆಯ ಅನುಮತಿಯುಂಟು; ಅನುಮತಿಯಿಲ್ಲದೆ ಮಾಡಿದವರು ಉತ್ಸವವು ಮುಗಿಯುವವರೆಗೆ ದಿನಂಪ್ರತಿ ದಂಡವನ್ನು ತೆರಬೇಕು. ಸುರೆ ಮತ್ತು ಕಿಣ್ವಗಳ ಸಾಮಗ್ರಿಯನ್ನು ಆಯುವ ಕೆಲಸವು ಹೆಂಗಸರಿಗೂ ಮಕ್ಕಳಿಗೂ ಸೇರಿದುದೆಂದೂ ಹೇಳಿದೆ. ಬೊಕ್ಕಸದ ವಿಷಯದಲ್ಲಿ ಇಷ್ಟು ಕಠಿನನಾದ ಆಚಾರ್ಯನು ಮನೆಯ ಕಾರ್ಯ, ಮನೆಯ ಔಷಧ, ಊರಿನ ಹಬ್ಬ ಈ ಮೂರನ್ನು ಮಾರುಕಟ್ಟೆಯಿಂದ ಬೇರ್ಪಡಿಸಿದ್ದು ದಯೆಯಿಂದಲ್ಲ, ಲೋಕವ್ಯವಹಾರವನ್ನು ಬಲ್ಲದ್ದರಿಂದ. ಔಷಧದ ವಿನಾಯಿತಿಯಂತೂ ಬೇರೊಂದು ರೂಪದಲ್ಲಿ ಇಂದಿಗೂ ಉಳಿದಿದೆ: ದಶಮೂಲಾರಿಷ್ಟ, ದ್ರಾಕ್ಷಾರಿಷ್ಟ ಮೊದಲಾದವುಗಳಲ್ಲಿ ಧಾತಕಿಯ ಹೂವಿನ ಸಹಾಯದಿಂದ ತಾನಾಗಿ ಹುಟ್ಟಿದ ಮದ್ಯಸಾರವಿರುವುದು.

ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಮದಿರಾಪಾನವನ್ನು ಅರಸನ ವಿನೋದಗಳಲ್ಲಿ ಒಂದಾಗಿ ಎಣಿಸಿದೆ. ಅದು ಅರಮನೆಯ ಮಾತು. ಅಡಿಗೆಮನೆಯನ್ನು ಹುಡುಕುವವರು ನಾಡಿನ ಆಚಾರಗಳನ್ನೇ ನೋಡಬೇಕು. ಆದಕಾರಣ ನಾವು ಇನ್ನು ಕೊಡಗಿಗೆ ಬರೋಣ.

೫

ಬಾಳೆಲೆಯು ಇಂದಿನ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಊರು. ಆ ತಾಲ್ಲೂಕು ರಚಿತವಾಗುವ ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು. ಒಂದು ಕಡೆ ಭತ್ತದ ಗದ್ದೆಗಳು, ಒಂದು ಕಡೆ ಕಾಫಿಯ ತೋಟಗಳು, ಆಚೆಗೆ ನಾಗರಹೊಳೆಯ ಕಾಡು. ಈ ಸೀಮೆಯ ಕಾಡಿನಲ್ಲಿಯೂ ತೋಟದಲ್ಲಿಯೂ ಬೆಳೆಯುವ ಬಗನಿಯ ಮರವೇ, ಕೆಲವರ ಬಾಯಲ್ಲಿ ಬೈನೆಯ ಮರವೇ, ಇಲ್ಲಿನ ಕಳ್ಳಿನ ಮುಖ್ಯ ಮೂಲ. ಮೀನಿನ ಬಾಲದಂತೆ ಹರಿದ ಎಲೆಗಳುಳ್ಳ ಈ ಮರವು ತುದಿಯಿಂದ ಕೆಳಕ್ಕೆ ವರ್ಷವರ್ಷವೂ ಒಂದೊಂದಾಗಿ ಹೂಗೊನೆಗಳನ್ನು ಬಿಟ್ಟು ಕೊನೆಗೆ ತಾನೇ ಒಣಗುತ್ತದೆ. ಬೆಳಗ್ಗೆ ಇಳಿಸಿದ ಸಿಹಿರಸವು ಹೊತ್ತೇರಿದಂತೆ ಹುದುಗಿ, ಸಂಜೆಗೆ ಹುಳಿಯಾಗುತ್ತದೆ. ಆನೆಗೂ ಈ ಮರವು ಬಹಳ ಪ್ರಿಯ.

ಕೊಡವರ ಮನೆತನಗಳಲ್ಲಿ ಮದ್ಯವು ಆಚಾರದೊಡನೆ ಬೆಸೆದುಕೊಂಡಿರುವುದನ್ನು ಎಲ್ಲರೂ ಬಲ್ಲರು. ಐನ್‌ಮನೆಯ ಕೈಮಡದಲ್ಲಿ ಕಾರಣರಿಗೆ, ಎಂದರೆ ಮನೆತನದ ಮೂಲಪುರುಷರಿಗೆ, ಎಡೆಯಿಡುವಾಗ ಮಾಂಸದೊಡನೆ ಮದ್ಯವನ್ನೂ ಇಡುತ್ತಾರೆ. ಎಂ. ಎನ್. ಶ್ರೀನಿವಾಸರು ೧೯೫೨ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಈ ಆಚಾರವನ್ನು ವಿಚಾರಮಾಡಿದ್ದಾರೆ. ಕೈಲ್ ಮುಹೂರ್ತದ ದಿನ ಕೋವಿ ಕತ್ತಿಗಳಿಗೆ ಪೂಜೆಯಾದ ಬಳಿಕ ನಡೆಯುವ ಊಟದಲ್ಲಿಯೂ ಅದಕ್ಕೆ ಸ್ಥಾನವುಂಟು. ಕೊಡಗಿನ ಎಲ್ಲ ಜನರ ಆಚಾರವೂ ಇದೇ ಅಲ್ಲ. ಮದ್ಯವನ್ನು ಮುಟ್ಟದ ಮನೆತನಗಳೂ ಇಲ್ಲಿ ಸಾಕಷ್ಟು ಇವೆ. ಆದರೆ ಮುಟ್ಟುವವರ ಮನೆಗಳಲ್ಲಿ ಎಡೆಯ ಮದ್ಯಕ್ಕೆ ಒಂದು ಕಾಲ, ಒಂದು ಸ್ಥಳ, ಒಂದು ಕ್ರಮವಿದ್ದುದು ಗಮನಾರ್ಹವಾಗಿದೆ. ಹಿರಿಯರಿಗೆ ಅರ್ಪಿಸಿದ ಮೇಲೆ ಕಿರಿಯರು ಮುಟ್ಟಬೇಕಾದ ವಸ್ತುವಿನಲ್ಲಿ ಮಿತಿಯು ತಾನಾಗಿಯೇ ಅಡಗಿರುತ್ತದೆ.

ಹುದುಗಿನ ವಿದ್ಯೆಯು ಕೊಡಗಿನ ಅಡಿಗೆಗೆ ಹೊಸದೂ ಅಲ್ಲ. ಎಳೆಯ ಬಿದಿರನ್ನು ಹೆಚ್ಚಿ ನೀರಿನಲ್ಲಿ ನೆನೆಯಿಟ್ಟು ಹುಳಿಗಟ್ಟಿಸಿದ ಬೈಂಬಳೆ, ಪಣಪುಳಿಯ ಹಣ್ಣುಗಳನ್ನು ಕೊಳೆಯಿಸಿ ಅದರಿಂದ ತೊಟ್ಟಿಕ್ಕಿದ ರಸವನ್ನು ಕಪ್ಪಾಗುವವರೆಗೆ ಬತ್ತಿಸಿದ ಕಾಚಂಪುಳಿ, ಇವೆಲ್ಲ ಕಾಲವನ್ನು ಕಾಯ್ದು ಹದವನ್ನು ನೋಡಿ ಮಾಡಬೇಕಾದ ಕೆಲಸಗಳು. ದ್ರಾಕ್ಷಿ, ನೆಲ್ಲಿ, ಕಿತ್ತಳೆ, ಶುಂಠಿ ಮೊದಲಾದವುಗಳಿಂದ 'ವೈನ್' ಮಾಡಿ ಭರಣಿಗಳಲ್ಲಿ ತುಂಬಿಟ್ಟು, ಬಂದ ನೆಂಟರಿಗೆ ಒಂದು ಚಿಕ್ಕ ಲೋಟದಲ್ಲಿ ಕೊಡುವ ಪದ್ಧತಿಯು ಇಲ್ಲಿನ ಅನೇಕ ಮನೆಗಳಲ್ಲಿ ಬೆಳೆದುಬಂದಿದೆ. ಇದು ಮುಖ್ಯವಾಗಿ ಗೃಹಿಣಿಯರ ಕೈಗುಣ. ಅಳತೆಯು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬಂದುದು.

೬

ಇಂಥ ಮನೆಗಳ ನಡುವೆ ರಾಜಮುದ್ರೆಯು ಹೇಗೆ ಬಂದಿತು? ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡಿತು. ೧೮೫೪ರಲ್ಲಿ ಫೌಲರ್ ಎಂಬ ಯೂರೋಪಿಯನನು ಮಡಿಕೇರಿಯಲ್ಲಿ ಕಾಫಿಯ ತೋಟವನ್ನು ಆರಂಭಿಸಿದನು. ಅವನ ಹಿಂದೆ ಅನೇಕರು ಬಂದರು. ತೋಟಗಳಿಗಾಗಿ ಹೊರಗಿನಿಂದ ಕೂಲಿಗಳು ಬಂದರು. ಯರವರೂ ಕುರುಬರೂ ತೋಟದ ಕೂಲಿಗೆ ಒಳಗಾದರು. ದುಡ್ಡಿನ ಕೂಲಿಯೊಡನೆ ದುಡ್ಡಿನ ಮದ್ಯವೂ ಬಂದಿತು. ಸರಕಾರಕ್ಕೆ ಅಬಕಾರಿಯು ಒಂದು ಆದಾಯದ ಬಾಬಾಯಿತು. 'ಅಬಕಾರಿ'ಯೆಂಬ ಮಾತು ಪಾರಸಿಯದು. 'ಆಬ್' ಎಂದರೆ ನೀರು, ನೀರಿನ ಕೆಲಸವೆಂದು ಅದರ ಮೂಲಾರ್ಥ. ಹೆಸರು ಮೃದುವಾದುದಾದರೂ ಅದರ ಪರಿಣಾಮವು ಮೃದುವಲ್ಲ. ಮದ್ಯದಿಂದ ಬೊಕ್ಕಸವು ತುಂಬುವಾಗ, ಸುಂಕ ತೆರದೆ ಮನೆಯಲ್ಲಿ ಮಾಡಿದ ಪ್ರತಿಯೊಂದು ಕುಡಿಕೆಯೂ ಬೊಕ್ಕಸಕ್ಕೆ ನಷ್ಟವೆಂದು ತೋರುತ್ತದೆ. ನೀತಿಯ ಹೆಸರಿನಲ್ಲಿ ನಡೆದ ನಿರ್ಬಂಧದ ಒಳಗೆ ಲೆಕ್ಕದ ಪುಸ್ತಕವೂ ಇತ್ತೆಂಬುದನ್ನು ಮರೆಯಲಾಗದು.

ಬಿಯರಿನ ವ್ಯಾಪಾರವು ಬೆಳೆದದ್ದೂ ಈ ಕಾಲದಲ್ಲಿಯೇ. ಬೆಂಗಳೂರಿನ ದಂಡಿನ ಸಿಪಾಯಿಗಳಿಗೂ ನೀಲಗಿರಿ, ಕೊಡಗುಗಳ ತೋಟದ ದೊರೆಗಳಿಗೂ ಬೇಕಾದ ಬಿಯರನ್ನು ದಕ್ಷಿಣದಲ್ಲಿಯೇ ತಯಾರಿಸುವ ಕಾರ್ಖಾನೆಗಳು ಹುಟ್ಟಿದವು. ೧೯೧೫ರಲ್ಲಿ ಥಾಮಸ್ ಲೀಷ್ಮನ್ ಎಂಬವನು ಅಂಥ ಕೆಲವನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ಸ್ವಾತಂತ್ರ್ಯದ ಕಾಲಕ್ಕೆ ಅದರ ಆಡಳಿತವು ವಿಠಲ ಮಲ್ಯರ ಕೈಗೆ ಬಂದಿತು. ಹೀಗೆ ನಮ್ಮ ನಾಡಿನಲ್ಲಿ ಬಿಯರೆಂಬುದು ಪ್ರಾರಂಭದಿಂದಲೂ ಕಾರ್ಖಾನೆಯ ಸೀಸೆಯಲ್ಲಿಯೇ ಬಂದುದು. ಮನೆಯ ವಿದ್ಯೆಯಾಗಿ ಅದು ಇಲ್ಲಿಗೆ ಬರಲೇ ಇಲ್ಲ.

೧೯೫೬ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ, ೧೯೬೫ರ ಅಬಕಾರಿ ಅಧಿನಿಯಮವು ಎಲ್ಲ ಜಿಲ್ಲೆಗಳಿಗೂ ಏಕರೂಪವಾದ ವಿಧಿಯನ್ನು ತಂದಿತು. ಅದರ ೧೩ನೆಯ ಪ್ರಕರಣದ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸಕೂಡದು; ಅಷ್ಟು ಮಾತ್ರವಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿಯನ್ನಾಗಲಿ ಪಾತ್ರೆ ಸಲಕರಣೆಗಳನ್ನಾಗಲಿ ಇಟ್ಟುಕೊಳ್ಳಲೂಕೂಡದು. ಕಿಟ್ಟಿನ ಪೆಟ್ಟಿಗೆಯು ಈ ಮಾತಿನೊಳಗೆ ಪೂರ್ತಿಯಾಗಿ ಅಡಗುತ್ತದೆಂಬುದು ಸ್ಪಷ್ಟ. ಬಳಿಕ ಸರಕಾರವು ೨೦೦೭ರಲ್ಲಿ ದ್ರಾಕ್ಷಿಯ ಬೆಳೆಗಾರರ ಹಿತಕ್ಕಾಗಿ ವೈನ್ ನೀತಿಯೊಂದನ್ನು ಘೋಷಿಸಿತು. ಅದೇ ವರ್ಷದ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಿತು. ಈಚೆಗೆ ಬೆಂಗಳೂರಿನಲ್ಲಿ ಭೋಜನಶಾಲೆಯೊಳಗೇ ಬಿಯರನ್ನು ತಯಾರಿಸಿ ಬಡಿಸುವ ಕಿರುಕಾರ್ಖಾನೆಗಳಿಗೂ ಪರವಾನಗಿ ದೊರೆತಿದೆ. ದೊಡ್ಡ ಕಾರ್ಖಾನೆಗೂ ಸ್ಥಳವಾಯಿತು, ಚಿಕ್ಕ ಕಾರ್ಖಾನೆಗೂ ಸ್ಥಳವಾಯಿತು. ಮನೆಗೆ ಮಾತ್ರ ಸ್ಥಳವಿಲ್ಲ.

೭

ಹಾಗಾದರೆ ರಾಜ್ಯವು ಮನೆತನದ ಆಚಾರವನ್ನು ಗುರುತಿಸಿ ವಿನಾಯಿತಿ ಕೊಡುವುದು ಅಸಾಧ್ಯವೋ? ಇದಕ್ಕೆ ಉತ್ತರವು ಕೊಡಗಿನಲ್ಲಿಯೇ ಇದೆ. ಕೋವಿಯು ಮದ್ಯಕ್ಕಿಂತಲೂ ಭಯಂಕರವಾದ ವಸ್ತು. ಆದರೂ ೧೮೬೧ರಲ್ಲಿ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು ಕೊಡಗಿನವರಿಗೆ ಆಯುಧಗಳ ಶಾಸನದಿಂದ ವಿನಾಯಿತಿಯನ್ನು ಕೊಟ್ಟನು. ಸ್ವತಂತ್ರ ಭಾರತದ ಸರಕಾರವೂ ಅದನ್ನು ಮುಂದುವರಿಸಿ, ೨೦೧೯ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ೨೦೨೯ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಕಾರಣರ ಎದುರಿಗೆ ಇಡುವ ಕೋವಿಯನ್ನು ಶಾಸನವು ಆಚಾರವೆಂದು ಒಪ್ಪಿತು. ಅದರ ಪಕ್ಕದಲ್ಲಿಡುವ ಪಾತ್ರೆಯನ್ನು ಒಪ್ಪಲಿಲ್ಲ. ಕೋವಿಯಿಂದ ಬೊಕ್ಕಸಕ್ಕೆ ಹೇಳಿಕೊಳ್ಳುವಷ್ಟು ಆದಾಯವಿಲ್ಲ, ಪಾತ್ರೆಯಿಂದ ಇದೆ ಎಂಬುದನ್ನು ಬಿಟ್ಟರೆ ಈ ತಾರತಮ್ಯಕ್ಕೆ ಬೇರೆ ಕಾರಣವನ್ನು ಹುಡುಕುವುದು ಕಷ್ಟ. ಮದ್ಯದಲ್ಲಿಯೂ ವಿನಾಯಿತಿಯ ಉದಾಹರಣೆಯು ದೇಶದಲ್ಲಿ ಇಲ್ಲದೆ ಇಲ್ಲ. ಬಂಗಾಳ, ಬಿಹಾರ ಪ್ರಾಂತಗಳ ಅಬಕಾರಿ ಶಾಸನಗಳು ಸಂತಾಲ, ಮುಂಡಾ ಮೊದಲಾದ ಜನರಿಗೆ 'ಪಚವಾಯಿ' ಎಂಬ ಅಕ್ಕಿಯ ಬಿಯರನ್ನು ಮನೆಯ ಬಳಕೆಗೆ ಮಾಡಿಕೊಳ್ಳಲು ಬಿಟ್ಟಿದ್ದುವು.

ಆದರೆ ಮತ್ತೊಂದು ಪಕ್ಷವನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಸಂವಿಧಾನದ ೪೭ನೆಯ ಅನುಚ್ಛೇದವು ಪಾನನಿರೋಧದ ಕಡೆಗೆ ಸಾಗುವುದು ರಾಜ್ಯದ ಕರ್ತವ್ಯವೆಂದು ಹೇಳುತ್ತದೆ. ಅದನ್ನು ಬರೆದವರು ಲೋಕವನ್ನರಿಯದವರಲ್ಲ. ವಾರದ ಕೂಲಿಯು ಮನೆಯನ್ನು ಮುಟ್ಟುವ ಮೊದಲೇ ಅಂಗಡಿಯಲ್ಲಿ ಕರಗುವುದನ್ನೂ, ತೋಟದ ಲೈನುಮನೆಗಳಲ್ಲಿ ಹೆಂಡತಿ ಮಕ್ಕಳು ಅದರ ಫಲವನ್ನು ಉಣ್ಣುವುದನ್ನೂ ಕೊಡಗಿನಲ್ಲಿ ಕಣ್ಣಿದ್ದವರೆಲ್ಲ ಕಂಡಿದ್ದಾರೆ. ಅಲ್ಲದೆ 'ಮನೆಯ ವೈನ್' ಎಂಬ ಹೆಸರು ಇಂದು ಮನೆಯನ್ನು ಬಿಟ್ಟು ಬೀದಿಗೆ ಬಂದಿದೆ. ಪ್ರವಾಸಿಗಳು ಬಂದಂತೆಲ್ಲ ಮಡಿಕೇರಿ, ಕುಶಾಲನಗರಗಳ ದಾರಿಯ ಅಂಗಡಿಗಳಲ್ಲಿ ಏಲಕ್ಕಿ, ಜೇನುತುಪ್ಪಗಳ ಜೊತೆಗೆ ಆ ಸೀಸೆಗಳೂ ಸಾಲುಗಟ್ಟಿದುವು. ಆ ಸೀಸೆಯನ್ನು ಯಾವ ಮನೆಯವರು, ಯಾವಾಗ, ಯಾವುದರಿಂದ ಮಾಡಿದರೆಂಬುದನ್ನು ಕೊಳ್ಳುವವನು ತಿಳಿಯಲಾರನು. ನೆಂಟನಿಗೆ ಕೊಡುವ ಲೋಟಕ್ಕೆ ಮನೆಯ ಮಾನವೇ ಹೊಣೆ. ಅಪರಿಚಿತನಿಗೆ ಮಾರುವ ಸೀಸೆಗೆ ಯಾರೂ ಹೊಣೆಯಿಲ್ಲ. ಅಬಕಾರಿಯವರು ಇದನ್ನು ತಡೆಯಹೊರಟರೆ ಅವರನ್ನು ದೂಷಿಸುವಂತಿಲ್ಲ.

ಈ ಎರಡು ಪಕ್ಷಗಳನ್ನೂ ತೂಗಿ ನೋಡಿದರೆ ಒಂದು ಮಾತು ಸಿದ್ಧವಾಗುತ್ತದೆ. ಮದ್ಯದಿಂದಾದ ಕೇಡು ಬಹುಮಟ್ಟಿಗೆ ಮಿತಿಯು ತಪ್ಪಿದುದರಿಂದ ಆದುದು. ಮಿತಿಯು ತಪ್ಪಿದುದು ಮದ್ಯವು ಹಬ್ಬವನ್ನು ಬಿಟ್ಟು ದಿನನಿತ್ಯದ ಸರಕಾದಾಗ. ಮನೆಯ ಮದ್ಯಕ್ಕೆ ಹಿಂದೆ ಮೂರು ಕಾವಲುಗಳಿದ್ದುವು: ಕಾಲದ ಕಾವಲು, ಎಂದರೆ ಹಬ್ಬವೋ ಕಾರ್ಯವೋ ಇರಬೇಕು, ಹಿರಿಯರ ಕಾವಲು, ಎಂದರೆ ಅವರಿಗೆ ಅರ್ಪಿತವಾಗಬೇಕು, ಗೃಹಿಣಿಯ ಕೈಯ ಕಾವಲು, ಎಂದರೆ ಭರಣಿಯ ಮುಚ್ಚಳವು ಅವಳ ವಶದಲ್ಲಿರಬೇಕು. ಹೊರದೇಶದ ಕಿಟ್ಟಿನ ಪೆಟ್ಟಿಗೆಯು ವಿದ್ಯೆಯನ್ನು ಮನೆಗೆ ಮರಳಿ ತಂದಿತು. ಈ ಕಾವಲುಗಳನ್ನು ತರಲಿಲ್ಲ. ಅವುಗಳ ಸ್ಥಾನದಲ್ಲಿ ಅಲ್ಲಿನ ಶಾಸನವು ಗ್ಯಾಲನ್ನಿನ ಲೆಕ್ಕವನ್ನೂ ಮಾರಾಟದ ನಿಷೇಧವನ್ನೂ ಇಟ್ಟಿದೆ. ನಮ್ಮ ಶಾಸನವು ಮನೆಯನ್ನು ಗುರುತಿಸದೆ ಇರುವುದರಿಂದ, ಮನೆಯವಳ ಭರಣಿಗೂ ಮಾರುವವನ ಉಗ್ರಾಣಕ್ಕೂ ಒಂದೇ ಹೆಸರು ಬಂದಿದೆ. ಎರಡಕ್ಕೂ ಒಂದೇ ಹೆಸರಾದಾಗ, ನಾಚಿಕೆಯುಳ್ಳವರು ಭರಣಿಯನ್ನು ಒಡೆಯುತ್ತಾರೆ. ನಾಚಿಕೆಯಿಲ್ಲದವರು ಉಗ್ರಾಣವನ್ನು ಬೆಳೆಸುತ್ತಾರೆ.

ಶಾಸನವು ಇರುವವರೆಗೆ ಅದನ್ನು ಪಾಲಿಸತಕ್ಕದ್ದೇ ಸರಿ. ಅದನ್ನು ತಿದ್ದಬೇಕೆನ್ನುವವರು ಶಾಸನಸಭೆಯ ಮುಂದೆ ಹೇಳಿಕೊಳ್ಳಬೇಕೇ ಹೊರತು ಅಟ್ಟದ ಮೇಲೆ ಪಾತ್ರೆಯನ್ನು ಬಚ್ಚಿಡಬಾರದು. ತಿದ್ದುವವರಿಗೆ ಮಾದರಿಗಳು ದೂರದಲ್ಲಿಲ್ಲ: ಕಾರ್ಯಕ್ಕೂ ಔಷಧಕ್ಕೂ ನಾಲ್ಕು ದಿನದ ಹಬ್ಬಕ್ಕೂ ಎಂದು ಕೌಟಿಲ್ಯನು ಬರೆದುದು ಮೈಸೂರಿನಲ್ಲಿಯೇ ಅಚ್ಚಾಗಿದೆ. ತಿದ್ದುಪಡಿಯಾಗಲಿ ಬಿಡಲಿ, ವಿದ್ವಾಂಸರು ಮಾಡಬಹುದಾದ ಕೆಲಸವೊಂದಿದೆ. ಯಾವ ಹಣ್ಣಿಗೆ ಎಷ್ಟು ಸಕ್ಕರೆ, ಯಾವ ತಿಂಗಳು, ಯಾವ ಮರದ ರಸ, ಕಾರಣರ ಎಡೆಗೆ ಯಾವ ಮನೆಯಲ್ಲಿ ಏನು ಕ್ರಮ, ಇದಕ್ಕೆಲ್ಲ ಇರುವ ಕೊಡವ, ಯರವ, ಕುರುಬ ಮಾತುಗಳು ಯಾವುವು ಎಂಬುದನ್ನು ಬಾಳೆಲೆಯಂಥ ಊರುಗಳ ವೃದ್ಧೆಯರು ಇನ್ನೂ ಬಲ್ಲರು. ಬರೆದಿಡುವುದಕ್ಕೆ ಯಾವ ಪರವಾನಗಿಯೂ ಬೇಕಾಗಿಲ್ಲ. ನಾಡಪದಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಉಳಿಸಿಕೊಟ್ಟಂತೆ, ಅಡಿಗೆಮನೆಯ ಈ ಪಳಮೆಯನ್ನೂ ಯಾರಾದರೂ ಸಂಗ್ರಹಿಸಿಕೊಟ್ಟರೆ ನಾಡಿನ ಚರಿತ್ರೆಗೆ ದೊಡ್ಡ ಉಪಕಾರವಾಗುವುದು.